ಹರಿಯುವ ನೀರಿನ ಟ್ಯಾಂಕು

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರ ಬಾಯಿಂದ ಕೇಳಿ ಕೇಳಿ ಸಾಕಾಗಿದೆ. ಹಾಲಿನವನು ಅಳತೆ ಪಾತ್ರೆ ಹಿಡಿದಾಗ ನಾನು ನೋಡುತ್ತಿದ್ದುದು ಹಾಲನ್ನಲ್ಲ, ಪಾತ್ರೆಯೊಳಗೆ ಮುಳುಗಿದ ಅವನ ಹೆಬ್ಬೆರಳನ್ನು. ನೀರಿನ ಲಾರಿ ಬಂದರೆ, ಪೈಪು ಬಿಚ್ಚುವ ಮುಂಚೆ ಲಾರಿಯ ಮೇಲೆ ಹತ್ತಿ ಒಳಗೆ ನೀರೆಷ್ಟಿದೆ ಎಂದು ಇಣುಕಿದವಳು ನಮ್ಮ ಬೀದಿಯಲ್ಲಿ ನಾನೊಬ್ಬಳೇ. ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದ್ದನ್ನು ನೋಡಿ ಡ್ರೈವರು ದಂಗಾಗಿ ನಿಂತಿದ್ದ. ಅಂದಿನಿಂದ ನಮ್ಮ ಗೇಟಿಗೆ ಬರುವ ಲಾರಿ ಯಾವಾಗಲೂ ತುಂಬಿಕೊಂಡೇ ಬರುತ್ತಿತ್ತು. ಹಾಗಾಗಿ ಅನುಮಾನ ಕೆಟ್ಟ ಗುಣ ಎಂದು ಯಾರಾದರೂ ಉಪದೇಶ ಮಾಡಲು ಬಂದರೆ ನಾನು ಸುಲಭಕ್ಕೆ ಒಪ್ಪುವವಳಲ್ಲ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಚೆನ್ನೈಗೆ ಮಳೆ ಕೈಕೊಟ್ಟ ವರ್ಷಗಳು ಅವು. ಅಣ್ಣಾ ನಗರದ ದೊಡ್ಡ ದೊಡ್ಡ ಮನೆಯವರೂ ಪ್ಲಾಸ್ಟಿಕ್ ಕೊಡ ಹಿಡಿದು ಲಾರಿಗೆ ಕಾಯುತ್ತಿದ್ದರು. ನನ್ನ ಗಂಡ ಕಾರ್ಖಾನೆಯ ಕೆಲಸ ಬಿಟ್ಟು ಅಂಬತ್ತೂರಿನಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದ್ದರು. ಮುಂದೆ ಶೆಡ್ಡು, ಹಿಂದೆ ನಮ್ಮ ಮನೆ, ನಡುವೆ ತಳ ಕಾಣುವ ಬಾವಿ. ಯಂತ್ರದ ಕೆಲಸ ಅವರದು. ಫೋನು, ಸಾಮಾನು ತರಿಸುವುದು, ಗೇಟಿನ ಬೀಗ ನನ್ನದು.

ಅಲ್ಲಿ ನಾವು ಮಾಡುತ್ತಿದ್ದುದು ವಾಟರ್ ಜೆಟ್ ಎಜೆಕ್ಟರ್ ಸೆಟ್ಟುಗಳನ್ನು. ನೆಂಟರಿಷ್ಟರಿಗೆ ಇದನ್ನು ವಿವರಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ವಿಷಯ ಇಷ್ಟೇ. ಎಣ್ಣೆ, ಔಷಧಿ ಮಾಡುವ ಕಾರ್ಖಾನೆಗಳಲ್ಲಿ ಮುಚ್ಚಿದ ಪಾತ್ರೆಯೊಳಗಿನ ಗಾಳಿಯನ್ನು ಹೊರಗೆಳೆಯಬೇಕಾಗುತ್ತದೆ. ಗಾಳಿ ತೆಗೆದರೆ ಒಳಗಿರುವ ಸರಕಿನ ತೇವ ಸ್ವಲ್ಪ ಶಾಖಕ್ಕೇ ಹೋಗುತ್ತದೆ, ಸರಕು ಸೀಯುವುದಿಲ್ಲ. ನಮ್ಮ ಸೆಟ್ಟಿನಲ್ಲಿ ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಟ್ಯಾಂಕು, ಪಂಪು, ಎಜೆಕ್ಟರು ಎಲ್ಲ ಕೂಡಿಸಿ ಇಟ್ಟಿರುತ್ತಿತ್ತು. ಪಂಪು ಟ್ಯಾಂಕಿನ ನೀರನ್ನು ಎಳೆದು ಸಣ್ಣ ಮೂತಿಯ ನಾಜಲ್ಲಿನಿಂದ ಜೋರಾಗಿ ಚಿಮ್ಮಿಸುತ್ತದೆ. ಜೋರಾಗಿ ಹೋಗುವ ಬಸ್ಸಿನ ಹಿಂದೆ ರಸ್ತೆಯ ಕಾಗದದ ಚೂರುಗಳು ಎದ್ದು ಓಡುತ್ತವಲ್ಲ, ಹಾಗೆ ಆ ನೀರಿನ ಹಿಂದೆ ಪಾತ್ರೆಯ ಗಾಳಿ ಎಳೆದುಕೊಂಡು ಬರುತ್ತದೆ. ನೀರು ಮತ್ತೆ ಅದೇ ಟ್ಯಾಂಕಿಗೆ ಬೀಳುತ್ತದೆ, ಮತ್ತೆ ಅದೇ ಪಂಪಿಗೆ ಹೋಗುತ್ತದೆ. ನೀರಿಲ್ಲದ ಊರಿನಲ್ಲಿ ಒಂದೇ ನೀರನ್ನು ಸುತ್ತಿಸುತ್ತಾ ಕೆಲಸ ಮಾಡುವ ಯಂತ್ರಕ್ಕೆ ಗಿರಾಕಿಗಳು ಸಿಗುತ್ತಾರೆ ಎಂದು ನನ್ನ ಗಂಡನ ನಂಬಿಕೆ. ಒಬ್ಬ ಗಿರಾಕಿ ಸಿಕ್ಕಿಯೂ ಇದ್ದ, ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಯವನು.

ಶೆಡ್ಡಿನಲ್ಲಿ ಮುಖ್ಯ ಕೆಲಸದವನು ನಮ್ಮ ಫಿಟ್ಟರು. ಹಳೆಯ ಕಾರ್ಖಾನೆಯಲ್ಲಿ ನನ್ನ ಗಂಡನ ಜೊತೆಗೇ ಇದ್ದು, ಅವರು ಬಿಟ್ಟಾಗ ತಾನೂ ಬಿಟ್ಟು ಬಂದವನು. ತಿರುವೊಟ್ಟಿಯೂರಿನ ಮೀನುಗಾರರ ಕೇರಿಯಲ್ಲಿ ಮನೆ. ಅಪ್ಪ, ಅಣ್ಣಂದಿರು ಎಲ್ಲ ಸಮುದ್ರಕ್ಕೆ ಹೋಗುವವರು. ಇವನಿಗೆ ಮಾತ್ರ ದೋಣಿ ಹತ್ತಿದರೆ ವಾಂತಿ. ಚಿಕ್ಕಂದಿನಲ್ಲಿ ಅಣ್ಣಂದಿರು ನಗುತ್ತಿದ್ದರೆಂದು ಐಟಿಐ ಸೇರಿ ಪೈಪು ಹಿಡಿದಿದ್ದ. "ಇಂದ ವೇಲೆ ಪೋನಾ ನಾನ್ ಕಡಲುಕ್ಕು ಪೋಗಣುಂ ಸಾರ್, ಮೀನುಕ್ಕೇ ಸಿರಿಪ್ಪು ವರುಂ," ಎಂದು ಅವನೇ ತಮಾಷೆ ಮಾಡುತ್ತಿದ್ದ. ಈ ಕೆಲಸ ಹೋದರೆ ಸಮುದ್ರಕ್ಕೇ ಹೋಗಬೇಕು, ಮೀನುಗಳೂ ನಗುತ್ತವೆ ಎಂದು. ತಮಾಷೆ ಎಂದು ಹೇಳಿದರೂ ಅದು ನಿಜವೇ. ಮದುವೆಯಾಗಿತ್ತು, ಚಿಕ್ಕ ಮಗುವಿತ್ತು, ಬೇರೆ ದಾರಿ ಇರಲಿಲ್ಲ.

ಆ ಬೇಸಿಗೆಯಲ್ಲಿ ಮಾವನವರು ನಮ್ಮ ಜೊತೆ ಇರಲು ಬಂದರು. ರೈಲ್ವೆಯಲ್ಲಿದ್ದು ನಿವೃತ್ತರಾದವರು. ಹುಟ್ಟಿದ್ದು, ಬೆಳೆದದ್ದು, ಮುದುಕರಾದದ್ದು ಎಲ್ಲ ತ್ರಿಪ್ಲಿಕೇನಿನ ಒಂದೇ ಓಣಿಯಲ್ಲಿ. ಆ ಮನೆಯ ಸೂರು ಕುಸಿಯುವ ಹಾಗಾಗಿ, ದೇವರ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಬಂದಿಳಿದರು. ಕಡಿಮೆ ಮಾತಿನವರು. ನನ್ನ ನಾಲಿಗೆಯ ಖಾರ ಅವರಿಗೆ ಗೊತ್ತಿತ್ತು, ಹಾಗಾಗಿ ಇನ್ನೂ ಕಡಿಮೆ ಮಾತಾಡುತ್ತಿದ್ದರು.

ಅವರದೊಂದು ವಾಡಿಕೆಯಿತ್ತು. ದೇವರ ಮೇಲಿಂದ ತೆಗೆದ ಹಿಂದಿನ ದಿನದ ಹೂವು, ತುಳಸಿಯನ್ನು ಕಾಲಿಗೆ ಸಿಗುವ ಕಡೆ ಹಾಕುವಂತಿಲ್ಲ, ಕಸದ ಬುಟ್ಟಿಗಂತೂ ಆಗಲೇ ಆಗದು. ಹರಿಯುವ ನೀರಿಗೆ ಬಿಡಬೇಕು. ತ್ರಿಪ್ಲಿಕೇನಿನಲ್ಲಿದ್ದಷ್ಟು ದಿನ ಸಂಜೆ ಮರೀನಾಗೆ ನಡೆದು ಹೋಗಿ ಸಮುದ್ರಕ್ಕೆ ಹಾಕಿ ಬರುತ್ತಿದ್ದರು. ಅಂಬತ್ತೂರಿನಲ್ಲಿ ಸಮುದ್ರವೆಲ್ಲಿಂದ ಬರಬೇಕು? ಬಂದ ಹೊಸದರಲ್ಲಿ "ಇಲ್ಲಿ ಹತ್ರ ಆರು ಏನಾದ್ರೂ ಇದೆಯೇನಮ್ಮಾ?" ಎಂದು ಕೇಳಿದರು. ನದಿಗೆ ಅವರ ಬಾಯಲ್ಲಿ ತಮಿಳಿನ ಆರು ಎಂದೇ ಬರುತ್ತಿತ್ತು. "ಕೂವಂ ಇದೆ ಮಾವಾ, ಮೂಗು ಮುಚ್ಕೊಂಡು ಹೋಗ್ಬೇಕು," ಎಂದೆ ನಾನು. ಊರಿನ ಚರಂಡಿಯನ್ನೆಲ್ಲ ಹೊತ್ತು ಹರಿಯುವ ಆ ನದಿಗೆ ದೇವರ ಹೂವು ಹಾಕುವ ಮಾತೇ ಇರಲಿಲ್ಲ. ಆಮೇಲೆ ಅವರು ಆ ಪ್ರಸ್ತಾಪ ಎತ್ತಲಿಲ್ಲ. ತೊಟ್ಟಿಯ ತುಳಸಿ ಬುಡಕ್ಕೆ ಹಾಕುತ್ತಿರಬೇಕು ಎಂದುಕೊಂಡು ನಾನೂ ಮರೆತೆ.

ಅದೇ ವಾರ ನನ್ನ ಗಂಡ ಅಪ್ಪನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಯಂತ್ರ ತೋರಿಸಿದರು. ಟ್ಯಾಂಕಿನ ಮುಚ್ಚಳ ಎತ್ತಿ, ಒಳಗೆ ನೀರು ನೊರೆನೊರೆಯಾಗಿ ಸುತ್ತುವುದನ್ನು ತೋರಿಸಿ, "ಇದರ ನೀರು ನಿಲ್ಲೋದೇ ಇಲ್ಲಪ್ಪಾ. ಓಡ್ತಾನೇ ಇರತ್ತೆ," ಎಂದರು.

"ಓಡೋ ನೀರು ತಾನೆ? ಭೇಷ್," ಎಂದರು ಮಾವನವರು.

ಮರುದಿನದಿಂದ ಬೆಳಿಗ್ಗೆ ಪೂಜೆಯ ನಡುವೆ, ಒದ್ದೆ ಪಂಚೆಯಲ್ಲಿ, ಹಿತ್ತಾಳೆ ತಟ್ಟೆ ಹಿಡಿದು ಶೆಡ್ಡಿಗೆ ಬಂದು ಟ್ಯಾಂಕಿನ ಹತ್ತಿರ ಒಂದು ನಿಮಿಷ ನಿಂತು ಹೋಗುತ್ತಿದ್ದರು. ಮಡಿಯಲ್ಲಿರುವವರು ಬಂದರೆ ಮೈ ತಾಕದಿರಲಿ ಎಂದು ನಾವೆಲ್ಲ ದೂರ ಸರಿಯುವುದು ರೂಢಿ. ನಾನು ಮನೆಯ ಕಡೆ ಸರಿಯುತ್ತಿದ್ದೆ, ನನ್ನ ಗಂಡ ಲೇತಿನ ಕಡೆ, ಫಿಟ್ಟರು ಗೋಡೆಯ ಕಡೆ. ಮಗನ ಯಂತ್ರಕ್ಕೆ ತೀರ್ಥ ಚಿಮುಕಿಸುತ್ತಿದ್ದಾರೆ ಎಂದುಕೊಂಡಿದ್ದೆ.

ಸೆಟ್ಟಿಗೆ ಕಾಯಿಲೆ ಶುರುವಾದದ್ದು ಆಗಲೇ. ಬೆಳಿಗ್ಗೆ ಪಂಪು ಹಾಕಿದರೆ ಗೇಜಿನ ಮುಳ್ಳು ಸರಿಯಾದ ಜಾಗಕ್ಕೆ ಹೋಗಿ ಗಟ್ಟಿಯಾಗಿ ಕೂರುತ್ತಿತ್ತು. ಸ್ವಲ್ಪ ಹೊತ್ತು ಕಳೆದರೆ ಪಂಪಿನೊಳಗೆ ಜಲ್ಲಿ ಕಲ್ಲು ಅರೆದಂತೆ ಸದ್ದು. ಮುಳ್ಳು ಹಿಂದಕ್ಕೆ ಜಾರುತ್ತಿತ್ತು. ಗಾಳಿ ಎಳೆದು ಮಾಡಿದ ನಿರ್ವಾತ, ಅಂದರೆ ವ್ಯಾಕ್ಯೂಮ್, ಬಿತ್ತು ಎಂದು ಅರ್ಥ. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಏನೂ ಆಗಿಲ್ಲದಂತೆ ಸರಿ.

ನನ್ನ ಗಂಡ ಮೊದಲು ಬಿಸಿಲನ್ನು ಬೈದರು. ನೀರು ಬಿಸಿಯಾದರೆ ವ್ಯಾಕ್ಯೂಮ್ ಇಳಿಯುವುದು ಈ ಯಂತ್ರದ ಸ್ವಭಾವ. ಮೀನಿನ ವ್ಯಾಪಾರಿಗಳು ಕೊಳ್ಳುವ ಐಸ್ ಗಡ್ಡೆ ತರಿಸಿ ಟ್ಯಾಂಕಿಗೆ ಹಾಕಿಸಿದರು. ನೀರು ತಣ್ಣಗಿದ್ದಾಗಲೂ ಮುಳ್ಳು ಬಿತ್ತು. ಆಮೇಲೆ ಗೇಜು ಬದಲಾಯಿಸಿದರು. ಆಮೇಲೆ ಕೊಯಮತ್ತೂರಿನ ಪಂಪಿನವರ ಮೇಲೆ ಫೋನಿನಲ್ಲಿ ಹರಿಹಾಯ್ದರು. ಟ್ಯಾಂಕಿನೊಳಗೆ ಪಂಪಿನ ಬಾಯಿಗೆ ಒಂದು ಜಾಲರಿ ಇರುತ್ತದೆ, ಕಸ ಒಳಗೆ ಹೋಗದ ಹಾಗೆ. ಅದನ್ನು ನೋಡಿದೆಯಾ ಎಂದು ಫಿಟ್ಟರನ್ನು ಕೇಳಿದರೆ, "ಡೈಲಿ ಪಾಕ್ಕುರೇನ್ ಸಾರ್, ಕ್ಲೀನಾ ಇರುಕ್ಕು," ಎನ್ನುತ್ತಿದ್ದ. ದಿನಾ ನೋಡುತ್ತೇನೆ, ಶುದ್ಧವಾಗಿದೆ ಎಂದು. ಹಾಗೆ ಹೇಳುವಾಗ ಅವನು ನೆಲ ನೋಡುತ್ತಿದ್ದ.

ನೆಲ ನೋಡಿ ಉತ್ತರ ಹೇಳುವವರನ್ನು ನಾನು ಬಿಡುವವಳೇ? ಅಂದಿನಿಂದ ಅವನ ಮೇಲೆ ಒಂದು ಕಣ್ಣಿಟ್ಟೆ. ಕಣ್ಣಿಟ್ಟ ಮೇಲೆ ಕಾಣದೇ ಇರುತ್ತದೆಯೇ? ಎಲ್ಲರಿಗಿಂತ ಮುಂಚೆ ಬರುತ್ತಿದ್ದ, ಗೇಟು ಬೇಗ ತೆಗೆಯಿರಿ ಎಂದು ನನ್ನನ್ನೇ ಕೇಳಿಕೊಂಡಿದ್ದ. ಬಂದವನೇ ಟ್ಯಾಂಕಿನೊಳಗೆ ತೋಳು ಮುಳುಗಿಸಿ ಏನೋ ಮಾಡುತ್ತಿದ್ದ. ನನ್ನ ಹೆಜ್ಜೆ ಸದ್ದಾದರೆ ಮುಚ್ಚಳ ಹಾಕುತ್ತಿದ್ದ. ಸಂಜೆ ಹೋಗುವಾಗ ಅವನ ಮೊಪೆಡ್ಡಿನ ಹ್ಯಾಂಡಲಿಗೆ ಒಂದು ಕಪ್ಪು ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ತಳದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಪ್ಪಾ ಅದು?" ಎಂದು ಒಮ್ಮೆ ಕೇಳಿದೆ.

"ಒಣ್ಣುಮಿಲ್ಲೆಮ್ಮಾ. ಕುಪ್ಪೈ," ಎಂದ. ಏನಿಲ್ಲ, ಕಸ.

ಕಸವನ್ನು ಅಂಬತ್ತೂರಿನಿಂದ ತಿರುವೊಟ್ಟಿಯೂರಿಗೆ ಹೊತ್ತುಕೊಂಡು ಹೋಗುವವನನ್ನು ನಾನು ಅದೇ ಮೊದಲು ನೋಡಿದ್ದು. ಅದರ ಮೇಲೆ, ಇಂಥದೇ ಸೆಟ್ಟು ಮಾಡುವ ಇನ್ನೊಂದು ವರ್ಕ್‌ಶಾಪಿನವನು ಟೀ ಅಂಗಡಿಯ ಹತ್ತಿರ ಇವನ ಹೆಗಲ ಮೇಲೆ ಕೈ ಹಾಕಿ ಮಾತಾಡುವುದನ್ನು ನನ್ನ ಕಣ್ಣಾರೆ ಕಂಡೆ. ನನಗೆ ಇನ್ನೇನು ಬೇಕಿತ್ತು? ಆ ಕಡೆಯವನ ಮಾತು ಕೇಳಿ ನಮ್ಮ ಸೆಟ್ಟು ಕೆಡಿಸುತ್ತಿದ್ದಾನೆ, ಜೊತೆಗೆ ಹಿತ್ತಾಳೆಯ ಬಿಡಿಭಾಗಗಳನ್ನೂ ಸಾಗಿಸುತ್ತಿದ್ದಾನೆ ಎಂದು ತೀರ್ಮಾನಿಸಿದೆ.

"ಅವನು ಹಾಗಲ್ಲ ಕಣೇ," ಎಂದರು ನನ್ನ ಗಂಡ.

"ಯಾರೂ ಹಾಗಲ್ಲ ರೀ, ಸಿಕ್ಕಿಬೀಳೋವರೆಗೂ."

ಎಣ್ಣೆ ಕಾರ್ಖಾನೆಯ ಇನ್‌ಸ್ಪೆಕ್ಟರು ಸೆಟ್ಟು ಪರೀಕ್ಷಿಸಲು ಬಂದ ದಿನ ಅವರ ಕಣ್ಣೆದುರಿಗೇ ಮುಳ್ಳು ಬಿತ್ತು. ಸಭ್ಯ ಮನುಷ್ಯ, ಬೈಯಲಿಲ್ಲ. ಶನಿವಾರ ಇನ್ನೊಂದು ಸಲ ಬಂದು ನೋಡುತ್ತೇನೆ, ಅದೇ ಕೊನೆ ಎಂದು ಹೇಳಿ ಹೋದರು. ಅಂದು ಊಟಕ್ಕೆ ಕೂತಾಗ ನನ್ನ ಗಂಡ ಅನ್ನ ಕಲಸುತ್ತಲೇ ಇದ್ದರು, ಬಾಯಿಗೆ ಹೋಗಲಿಲ್ಲ. ನಾನು ನನ್ನ ವಾದವನ್ನು ಮತ್ತೆ ಮೊದಲಿನಿಂದ ಹೇಳಿದೆ. ಕೊನೆಗೆ ಅವರು ಸೋತ ಧ್ವನಿಯಲ್ಲಿ, "ಶುಕ್ರವಾರದ ಟ್ರಯಲ್‌ನಲ್ಲೂ ಬಿದ್ರೆ ಅವನಿಗೆ ಹೇಳ್ಬಿಡ್ತೀನಿ, ಬೇರೆ ಕಡೆ ನೋಡ್ಕೋ ಅಂತ," ಎಂದರು. ಪಕ್ಕದಲ್ಲಿ ಮಾವನವರು ತಲೆ ಬಗ್ಗಿಸಿ ಮಜ್ಜಿಗೆ ಅನ್ನ ತಿನ್ನುತ್ತಿದ್ದರು. ಯಾರ ಬಗ್ಗೆ ಮಾತು ಎಂದು ಕೇಳಿದರು. ಫಿಟ್ಟರ ಬಗ್ಗೆ ಎಂದೆ. "ಅಯ್ಯೋ, ಒಳ್ಳೇ ಹುಡುಗ," ಎಂದಷ್ಟೇ ಹೇಳಿ ಎದ್ದರು.

ಶುಕ್ರವಾರ ಬೆಳಿಗ್ಗೆ ಮುಳ್ಳು ನೆಟ್ಟಗೆ ಕೂತಿತು. ಮಾವನವರು ಮಡಿಯಲ್ಲಿ ಬಂದು ಹೋದರು. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಜಲ್ಲಿ ಅರೆಯುವ ಸದ್ದು ಶುರುವಾಯಿತು. ನನ್ನ ಗಂಡ ಸ್ವಿಚ್ ಆರಿಸಿದರು. ಇಡೀ ದಿನ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಸಂಜೆ ಅವರು ಮಾತೆತ್ತುವ ಮುಂಚೆಯೇ ನಾನು ಗೇಟಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೆ. ಮೊಪೆಡ್ ಬಂತು. ಹ್ಯಾಂಡಲಿನಲ್ಲಿ ಚೀಲವಿತ್ತು.

"ಬಿಚ್ಚು ಅದನ್ನ," ಎಂದೆ.

ಅವನು ನನ್ನನ್ನು ನೋಡಿದ, ನನ್ನ ಹಿಂದೆ ನಿಂತಿದ್ದ ನನ್ನ ಗಂಡನನ್ನು ನೋಡಿದ. "ವೇಣಾಮ್ಮಾ," ಎಂದ. ಬೇಡಮ್ಮಾ. ಕಳ್ಳತನ ಮಾಡಿದವನ ಧ್ವನಿ ಎಂದರೆ ಇದೇ ಎಂದು ನನಗೆ ಖುಷಿಯೇ ಆಯಿತು. ಕೈ ಹಾಕಿ ಚೀಲವನ್ನು ನಾನೇ ಕಿತ್ತುಕೊಂಡೆ, ಗಂಟು ಬಿಚ್ಚಿದೆ.

ಒಳಗೆ ಹೂವು. ಬಾಡಿ ಕಪ್ಪಾದ ತುಳಸಿ, ಕನಕಾಂಬರ, ಎಸಳು ಬಿಟ್ಟ ಸೇವಂತಿಗೆ, ಎಲ್ಲ ನೀರಲ್ಲಿ ನೆಂದು ಮುದ್ದೆಯಾಗಿತ್ತು. ಮಧ್ಯದಲ್ಲಿ ಒಂದು ಮಾಲೆ ಇನ್ನೂ ಗಂಟು ಬಿಟ್ಟಿರಲಿಲ್ಲ. ಬಾಳೆ ನಾರು ಸಿಗದೆ, ಪೈಪಿನ ಜಾಯಿಂಟಿಗೆ ಸುತ್ತುವ ಸೆಣಬಿನ ಎಳೆಯಲ್ಲಿ ಕಟ್ಟಿದ ಮಾಲೆ. ಚೆನ್ನೈಯಲ್ಲೆಲ್ಲ ಹಾಗೆ ಹೂವು ಕಟ್ಟುವವಳು ನಾನೊಬ್ಬಳೇ ಇರಬೇಕು. ಬುಧವಾರ ನಾನೇ ಕಟ್ಟಿ ಮಾವನವರ ದೇವರಿಗೆ ಕೊಟ್ಟದ್ದು.

ಅವನು ತಮಿಳಿನಲ್ಲಿ ನಿಧಾನವಾಗಿ ಹೇಳಿದ. ಅಯ್ಯಾ ಬೆಳಿಗ್ಗೆ ತಟ್ಟೆಯ ಹೂವನ್ನು ಟ್ಯಾಂಕಿಗೆ ಬಿಡುತ್ತಾರೆ. ಗೋಡೆಯ ಕಡೆ ಸರಿದು ನಿಂತವನಿಗೆ ಅದು ಕಾಣುತ್ತಿತ್ತು. ಹೂವು ಪಂಪಿಗೆ ಹೋಗಬಾರದೆಂದು ಜಾಲರಿಯ ಮೇಲೆ ಸೊಳ್ಳೆ ಪರದೆಯ ಬಟ್ಟೆ ಸುತ್ತಿದ. ಮರುದಿನ ಬೆಳಿಗ್ಗೆ ಯಾರೂ ಇಲ್ಲದಾಗ ಬಂದು ಬಟ್ಟೆಗೆ ಅಂಟಿದ್ದನ್ನೆಲ್ಲ ಬಿಡಿಸಿ ತೊಳೆದಿಟ್ಟ. ದಿನಾ ಹಾಗೇ ಮಾಡಿದ. ಸಾಮಿಯ ಹೂವು, ಕಸಕ್ಕೆ ಎಸೆಯಲು ಮನಸ್ಸು ಬರಲಿಲ್ಲ. ಮನೆಯ ಹಿಂದೆಯೇ ಸಮುದ್ರ, ಅಲ್ಲಿಗೆ ಹಾಕುತ್ತಿದ್ದ.

"ನನ್ನ ಹತ್ರ ಯಾಕಪ್ಪಾ ಹೇಳ್ಲಿಲ್ಲ?" ಎಂದರು ನನ್ನ ಗಂಡ.

ಅವನು ನನ್ನ ಕಡೆ ನೋಡಲಿಲ್ಲ. "ಸೊನ್ನಾ, ಅಮ್ಮಾ ಅಯ್ಯಾವೆ ತಿಟ್ಟುವಾಂಗ ಸಾರ್."

ಹೇಳಿದರೆ ಅಮ್ಮ ಅಯ್ಯಾವರನ್ನು ಬೈಯುತ್ತಾರೆ. ಅಷ್ಟೇ ಅವನು ಹೇಳಿದ್ದು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬೈಯುತ್ತಿದ್ದೆ, ಅದರಲ್ಲಿ ಸುಳ್ಳೇನಿಲ್ಲ. ಬೀಗ ತೆಗೆದೆ. ಅವನು ಚೀಲಕ್ಕೆ ಮತ್ತೆ ಗಂಟು ಹಾಕಿ ಗೇಟಿನ ಸರಳಿಗೆ ನೇತುಹಾಕಿ, ಮೊಪೆಡ್ ತಳ್ಳಿಕೊಂಡು ಹೊರಗೆ ಹೋದ. ನಾಳೆ ಬರುತ್ತೇನೆ ಎಂದು ದಿನಾ ಹೇಳಿ ಹೋಗುವವನು ಅಂದು ಹೇಳಲಿಲ್ಲ.

ನನ್ನ ಗಂಡ ಟ್ಯಾಂಕಿನೊಳಗೆ ಕೈ ಹಾಕಿ ಜಾಲರಿ ಹೊರತೆಗೆದರು. ಅಂದಿನ ಹೂವೆಲ್ಲ ಪರದೆಯ ಬಟ್ಟೆಗೆ ತಟ್ಟಿದ ಹಾಗೆ ಅಂಟಿತ್ತು. ನೀರು ಒಳಗೆ ಹೋಗಲು ದಾರಿಯಿಲ್ಲದೆ ಪಂಪು ದಿನಾ ಒಣ ಗಂಟಲಲ್ಲಿ ಒದ್ದಾಡುತ್ತಿತ್ತು. ಬಟ್ಟೆ ಸುತ್ತದೆ ಇದ್ದಿದ್ದರೆ ಒಂದೆರಡು ದಿನದಲ್ಲೇ ಹೂವಿನ ಚೂರು ಎಲ್ಲೆಂದರಲ್ಲಿ ಸಿಕ್ಕಿ ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು. ಅವನು ಮುದುಕರನ್ನು ಕಾಪಾಡಲು ಹೋಗಿ ಯಂತ್ರದ ಕುತ್ತಿಗೆ ಹಿಚುಕಿದ್ದ. ನನ್ನ ಗಂಡ ನಗಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಹಿಂದಿನ ಬಾಗಿಲಲ್ಲಿ ಮಾವನವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಓಡೋ ನೀರು ಅಂದ್ಯಲ್ಲಪ್ಪಾ ನೀನು," ಎಂದರು ಮಗನಿಗೆ.

ಮರುದಿನ ನಾನು ಹಾಲಿಗೆಂದು ಬಾಗಿಲು ತೆಗೆದರೆ ಮಾವನವರ ಚಾಪೆ ಸುತ್ತಿಟ್ಟಿತ್ತು, ಚಪ್ಪಲಿ ಇರಲಿಲ್ಲ. ಗೇಟಿನ ಸರಳಿನಲ್ಲಿದ್ದ ಚೀಲವೂ ಇರಲಿಲ್ಲ. ದೇವರ ಪೆಟ್ಟಿಗೆ ನೋಡಿದೆ, ಇತ್ತು. ಆದರೂ ಮನಸ್ಸು ಸುಮ್ಮನಿರಲಿಲ್ಲ. ಬೇಸರ ಮಾಡಿಕೊಂಡು ತ್ರಿಪ್ಲಿಕೇನಿನ ಮುರುಕು ಮನೆಗೇ ಹೋದರೇನೋ, ಪೆಟ್ಟಿಗೆಗೆ ಆಮೇಲೆ ಹೇಳಿಕಳಿಸುತ್ತಾರೇನೋ, ನೆಂಟರೆಲ್ಲ ನನ್ನನ್ನೇ ಆಡಿಕೊಳ್ಳುತ್ತಾರೇನೋ. ಅನುಮಾನ ಪಡುವವಳು ತನ್ನನ್ನೂ ಬಿಡುವುದಿಲ್ಲ. ಫಿಟ್ಟರು ಬರುವ ಹೊತ್ತಾಯಿತು, ದಾಟಿತು. ಇನ್‌ಸ್ಪೆಕ್ಟರ ಕಾರು ಬಂತು. ನನ್ನ ಗಂಡ ಅವರನ್ನು ಕೂರಿಸಿ ಏನೇನೋ ಮಾತಾಡುತ್ತಿದ್ದರು. ನಾನು ಕಾಫಿಗೆ ಎರಡು ಸಲ ಸಕ್ಕರೆ ಹಾಕಿದೆ.

ಆಗ ಮೊಪೆಡ್ ಸದ್ದು ಕೇಳಿತು. ಮುಂದೆ ಫಿಟ್ಟರು, ಹಿಂದೆ ಅವನ ಹೆಗಲು ಹಿಡಿದು ಮಾವನವರು. ಯಾರ ಮೈ ತಾಕಬಾರದೆಂದು ನಾವು ದಿನಾ ದೂರ ಸರಿಯುತ್ತಿದ್ದೆವೋ ಅವರೇ. ಪಂಚೆ ಮೊಣಕಾಲಿನವರೆಗೆ ಒದ್ದೆ, ಕಾಲಿಗೆಲ್ಲ ಮರಳು. ಬಸ್ಸು ಬದಲಾಯಿಸಿ ಬದಲಾಯಿಸಿ, ಕೇರಿಯಲ್ಲಿ ವಿಚಾರಿಸಿಕೊಂಡು ಅವನ ಮನೆ ಹುಡುಕಿದ್ದರಂತೆ.

"ಇವನ ಮನೆಯಿಂದ ಸಮುದ್ರ ಎಷ್ಟು ಕಿಟ್ಟ ಗೊತ್ತೇನಮ್ಮಾ," ಎಂದರು ಇಳಿಯುತ್ತಾ, ಹತ್ತಿರ ಎಂಬುದಕ್ಕೆ ತಮಿಳಿನ ಮಾತು ಬೆರೆಸಿ. "ಮರೀನಾ ಥರಾ ಅಷ್ಟು ದೂರ ಮರಳಲ್ಲಿ ನಡೀಬೇಕಾಗೇ ಇಲ್ಲ."

ಅವನಿಗೆ ಏನು ಹೇಳಿ ಕರೆತಂದರು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ನಕ್ಕರು, ಹೇಳಲಿಲ್ಲ. ನನ್ನ ಬಗ್ಗೆಯೇ ಏನೋ ಹೇಳಿರಬೇಕು. ಅಂದು ಮುಳ್ಳು ಮಧ್ಯಾಹ್ನದವರೆಗೂ ಅಲುಗಾಡಲಿಲ್ಲ. ಇನ್‌ಸ್ಪೆಕ್ಟರು ಒಪ್ಪಿ ಸಹಿ ಹಾಕಿದರು. ಹಿಂದಿನ ಸಲ ಏನು ದೋಷವಿತ್ತು ಎಂದು ಕೇಳಿದ್ದಕ್ಕೆ ನನ್ನ ಗಂಡ, ಜಾಲರಿಯಲ್ಲಿ ಕಸ ಸಿಕ್ಕಿತ್ತು ಎಂದರು. ಮಾವನವರು ಕೇಳಿಸಿಕೊಂಡರು, ಕಸ ಎಂಬ ಮಾತಿಗೆ ಮಾತ್ರ ಮುಖ ಸಿಂಡರಿಸಿದರು.

ಎಲ್ಲರಿಗೂ ಕೊಟ್ಟ ಮೇಲೆ ಫಿಟ್ಟರಿಗೆ ಕಾಫಿ ನಾನೇ ತೆಗೆದುಕೊಂಡು ಹೋದೆ. ತಪ್ಪಾಯಿತು ಎಂದು ಹೇಳಬೇಕೆಂದೇ ಹೋಗಿದ್ದೆ. ಹೇಳಿದೆ ಕೂಡ. "ಪರವಾಯಿಲ್ಲೆಮ್ಮಾ," ಎಂದು ಲೋಟ ತೆಗೆದುಕೊಂಡ. ಒಂದು ಗುಟುಕು ಕುಡಿದು, ಸಕ್ಕರೆ ಜಾಸ್ತಿಯಾಗಿದೆ ಎಂದ.

ಆಮೇಲೆ ಅದೊಂದು ಕ್ರಮವಾಯಿತು. ಮಾವನವರು ದೇವರ ಹೂವನ್ನು ಚೀಲಕ್ಕೆ ಹಾಕಿ ಗೇಟಿನ ಸರಳಿಗೆ ನೇತುಹಾಕುವರು, ಸಂಜೆ ಅವನು ಒಯ್ಯುವನು. ನನ್ನ ಹೂವಿನ ಮಾಲೆಗಳು ತಿರುವೊಟ್ಟಿಯೂರಿನ ಅಲೆಗೆ ಹೋಗುತ್ತಿದ್ದವು. ಸೆಟ್ಟುಗಳು ಒಂದಾದ ಮೇಲೊಂದು ಹೋದವು. ಮಾವನವರು ತೀರಿಕೊಂಡ ಮೇಲೆ ದೇವರ ಪೂಜೆ ನನ್ನ ಗಂಡನ ಪಾಲಿಗೆ ಬಂತು, ಆಗಲೂ ಚೀಲ ನಿಲ್ಲಲಿಲ್ಲ. ಅವನು ನಮ್ಮಲ್ಲಿ ಇದ್ದಷ್ಟು ವರ್ಷವೂ ಸಂಜೆ ಗೇಟಿನ ಹತ್ತಿರ ಮೊಪೆಡ್ ನಿಲ್ಲಿಸಿ, ಚೀಲದ ಗಂಟು ಬಿಚ್ಚಿ, ಬಾಯಿ ಅಗಲ ಮಾಡಿ ನನಗೆ ತೋರಿಸುತ್ತಿದ್ದ.

"ಪಾತ್ತುಕ್ಕೋಂಗಮ್ಮಾ." ನೋಡಿಕೊಳ್ಳಿ ಅಮ್ಮಾ.

ಬೇಡಪ್ಪಾ, ತೋರಿಸಬೇಡ ಎಂದು ಎಷ್ಟು ಸಲ ಹೇಳಿದೆನೋ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ, ಸುಮ್ಮನೆ ತೋರಿಸುತ್ತಿದ್ದ. ಬೇಡ ಎನ್ನುತ್ತಲೇ ನಾನು ಪ್ರತಿ ಸಲವೂ ಬಗ್ಗಿ ಒಳಗೆ ನೋಡುತ್ತಿದ್ದೆ.